ಸೀಸಕ್ಕೂ ಅರ ಹಾಕಿದ್ದು

ಯಾವುದರ ತೂಕ ಕೊಂಚ ಹೆಚ್ಚೆನಿಸಿದರೂ ನನ್ನ ಕೈ ಅರ ಹುಡುಕುತ್ತದೆ. ಅಕ್ಕಸಾಲಿಗರ ಮನೆಯಲ್ಲಿ ಹುಟ್ಟಿದ ದೋಷ. ಮದುವೆಯಾದ ಹೊಸದರಲ್ಲಿ, ಹೆಂಡತಿ ಕಟ್ಟಿದ ರಾಗಿಮುದ್ದೆಗಳಲ್ಲಿ ಒಂದು ದೊಡ್ಡದಾಯಿತೆಂದು ಚಿವುಟಿ ಸರಿಮಾಡಿದ್ದೆ. ಆ ವಾರವೆಲ್ಲ ನನ್ನ ಮುದ್ದೆಯನ್ನು ನಾನೇ ತಿರುವಿಕೊಂಡೆ.

ಇಂಥ ನಾನು ಐವತ್ತು ದಾಟಿದ ಮೇಲೆ ಪಾಂಡವಪುರದ ಏರ್ ರೈಫಲ್ ಕ್ಲಬ್ಬಿಗೆ ಸೇರಿದೆ. ಸೇರಿಸಿದವನು ಗಂಜಾಂನಲ್ಲಿ ನನ್ನ ಅಂಗಡಿಯ ಎದುರಿಗೇ ಬಟ್ಟೆ ಹೊಲಿಯುವ ಅನ್ವರ್. ಪ್ರತಿ ಪಂದ್ಯದಲ್ಲೂ ಅವನು ಗೆಲ್ಲುತ್ತಾನೆ, ನಾನು ಸ್ಕೂಟರಿನ ಹಿಂದೆ ಅವನ ಕಪ್ ಹಿಡಿದುಕೊಂಡು ಬರುತ್ತೇನೆ. ಈ ಸಲ ಹಾಗಾಗಕೂಡದೆಂದು ಹಟ ಹಿಡಿದೆ. ಅಂಗಡಿಯ ಗಾಜಿನ ಬೀರುವಿನಲ್ಲಿ ಕಪ್ಪಿಗೆಂದೇ ಒಂದು ಖಾನೆ ಖಾಲಿ ಮಾಡಿದೆ.

ಹಗುರ ಗುಂಡು ಬೇಗ ಹಾರುತ್ತದೆ, ಭಾರದ್ದು ಗಾಳಿಗೆ ಅಷ್ಟಾಗಿ ಅಲುಗುವುದಿಲ್ಲ. ಯಾವುದನ್ನಾದರೂ ಆರಿಸಿಕೋ, ಎಲ್ಲ ಒಂದೇ ತೂಕವಿರಲಿ ಎಂದು ಕ್ಲಬ್ಬಿನ ಹಿರಿಯರು ಹೇಳಿದ್ದರು. ಒಂದೇ ತೂಕಕ್ಕೆ ತರುವುದು ನನ್ನ ಕಸುಬಲ್ಲವೇ? ಡಬ್ಬಿಯ ಸೀಸದ ಗುಂಡುಗಳನ್ನು ಒಂದೊಂದಾಗಿ ಚಿನ್ನದ ತಕ್ಕಡಿಗೆ ಹಾಕಿದೆ. ಒಂದಕ್ಕೂ ಇನ್ನೊಂದಕ್ಕೂ ಎರಡು ಮಿಲಿಗ್ರಾಂ, ಮೂರು ಮಿಲಿಗ್ರಾಂ ವ್ಯತ್ಯಾಸ. ಸರಿಯಾದವನ್ನು ಆರಿಸಿಕೊಂಡು ಮಿಕ್ಕವನ್ನು ಬಿಡಬೇಕಿತ್ತು. ನಾನೋ ಒಂದು ಭಾನುವಾರ ಪೂರ್ತಿ ಮೂಗಿಗೆ ಬಟ್ಟೆ ಕಟ್ಟಿಕೊಂಡು, ಹೆಚ್ಚಿದ್ದನ್ನೆಲ್ಲ ಅರದಿಂದ ಉಜ್ಜಿ ಕೂದಲೆಳೆಯಷ್ಟೂ ತೂಕ ತಪ್ಪದಂತೆ ಮಾಡಿದೆ. ಕೊನೆಗೆ ಎಲ್ಲಕ್ಕಿಂತ ಭಾರದ, ಆದರೆ ತಮ್ಮತಮ್ಮಲ್ಲಿ ಒಂದೇ ತೂಕದ ಒಂದು ಹಿಡಿ ಗುಂಡು ಅರ ಮುಟ್ಟದೆ ಉಳಿಯಿತು. ಕೈ ಸೋತಿತ್ತು, ಅವನ್ನು ಅನ್ವರ್‌ಗೆ ದಾನ ಮಾಡಿದೆ. ಮನಸ್ಸಿನಲ್ಲೇ ಅಯ್ಯೋ ಪಾಪ ಅಂದುಕೊಂಡೆ ಕೂಡ.

ಪಂದ್ಯದ ದಿನ ನನ್ನ ಗುಂಡುಗಳಲ್ಲಿ ಒಂದು ಹಲಗೆಯ ಮೂಲೆಗೆ ಹೋಯಿತು, ಇನ್ನೊಂದು ಪಕ್ಕದವರ ಗುರಿಗೆ. ನಾನು ದಾನ ಮಾಡಿದ ಗುಂಡುಗಳಿಂದ ಅನ್ವರ್ ಹೊಡೆದವೆಲ್ಲ ನಟ್ಟನಡುವೆ. ನನ್ನದೊಂದನ್ನು ಬೆರಳಲ್ಲಿ ತಿರುಗಿಸಿ ನೋಡಿ ಅವನು ಹೇಳಿದ:

"ಆಚಾರ್ರೆ, ತೂಕ ಸರಿ ಮಾಡಕ್ಕೋಗಿ ಮೈಕಟ್ಟೇ ಕೆಡಿಸ್ಬುಟ್ಟಿದ್ದೀರಿ. ಒಂದ್ ಕಾಲ್ನಲ್ಲಿ ಅರ್ಧ ಗೇಣು ಕುಯ್ದ್ರೂ ಮನುಷ್ಯನ ತೂಕ ಇಳೀತದೆ. ಆಮೇಲೆ ಅವನು ನೆಟ್ಟಗೆ ನಡೆದಾನಾ?"

ಹೊಟ್ಟೆ ಉರಿಯುತ್ತಿದ್ದರೂ ನಗು ತಡೆಯಲಾಗಲಿಲ್ಲ. ಬರುವಾಗ ಎಂದಿನಂತೆ ಕಪ್ ನನ್ನ ಕೈಯಲ್ಲಿ. ಸ್ಕೂಟರು ರಸ್ತೆಯ ಉಬ್ಬಿನ ಮೇಲೆ ಎಗರಿದಾಗ ಕಪ್ಪಿನ ಹಿಡಿ ಕಿತ್ತು ಬಂತು. ಬೆಸುಗೆ ಹಾಕಿಕೊಡುತ್ತೇನೆಂದು ಅಂಗಡಿಯಲ್ಲಿ ಇಳಿಸಿಕೊಂಡೆ.

ಹತ್ತು ನಿಮಿಷದ ಕೆಲಸ. ಮೂರು ತಿಂಗಳಾಯಿತು. ಅನ್ವರ್ ಎದುರಿನಿಂದ ಕೇಳಿದಾಗಲೆಲ್ಲ, ನಾಳೆ ಬಾ ಎಂಬ ಅಕ್ಕಸಾಲಿಗರ ಹಳೆಯ ಉತ್ತರವನ್ನೇ ಕೊಡುತ್ತೇನೆ. ಕಪ್ ಗಾಜಿನ ಬೀರುವಿನ ಆ ಖಾನೆಯಲ್ಲಿದೆ, ಮುರಿದ ಕಡೆ ಗೋಡೆಗೆ. ಗಿರಾಕಿಗಳು ವಿಚಾರಿಸಿದರೆ ನಾನು ಸುಳ್ಳು ಹೇಳುವುದಿಲ್ಲ. ಪಾಂಡವಪುರದಿಂದ ಬಂದದ್ದು ಎನ್ನುತ್ತೇನೆ, ಅಷ್ಟೆ.