ನಲವತ್ತು ಹಣ್ಣು, ಒಂದು ಬಾಟ್ಲಿ

ಅದಕ್ಕೆ ನಮ್ಮ ಅವ್ವ ಒಂದು ಮಾತು ಹೇಳುತ್ತಿದ್ದಳು. ಮರು… ಅಲ್ಲ. ಮಸ… ಅದೂ ಅಲ್ಲ. ‘ಮ’ದಿಂದ ಶುರುವಾಗುತ್ತದೆ ಎನ್ನುವುದಷ್ಟೇ ಖಾತ್ರಿ. ಹಣ್ಣಿನ ತಿರುಳು ಬೆಂದು ಬೆಂದು ಕೊನೆಗೆ ತಟ್ಟೆಗೆ ಹಾಕಿದರೆ ಸುತ್ತ ನೀರು ಬಿಡದೆ ಗುಪ್ಪೆಯಾಗಿ ಕುಳಿತುಕೊಳ್ಳುತ್ತದಲ್ಲ, ಆ ಹದದ ಹೆಸರು ಅದು. ನಾಲಿಗೆಯ ತುದಿಗೆ ಬಂದು ವಾಪಸು ಹೋಗುತ್ತದೆ. ಹೋಗಲಿ ಬಿಡಿ. ಹೆಸರು ಮರೆತರೂ ಕೈ ಮರೆತಿಲ್ಲ.

ನಾನು ಹುಟ್ಟಿದ್ದು ನೀಲಗಿರಿಯ ಚಳಿಯಲ್ಲಿ. ಅಪ್ಪ ಒಂದು ಬಂಗಲೆಯ ತೋಟ ನೋಡಿಕೊಳ್ಳುತ್ತಿದ್ದ. ನಮ್ಮ ಮನೆಯ ಹಿಂದೆ ಎರಡು ಪೀಚ್ ಗಿಡಗಳಿದ್ದವು. ಅವ್ವ ಆ ಹಣ್ಣಿಗೆ ಬೆಲ್ಲ, ಚಕ್ಕೆ, ಲವಂಗ, ಒಣಶುಂಠಿ ಹಾಕಿ ತಾಸುಗಟ್ಟಲೆ ಕುದಿಸಿ ‘ಹಣ್ಣಿನ ಬೆಣ್ಣೆ’ ಮಾಡುತ್ತಿದ್ದಳು. ಅದರಲ್ಲಿ ಬೆಣ್ಣೆಯ ಹನಿಯೂ ಇರುತ್ತಿರಲಿಲ್ಲ, ಬೆಣ್ಣೆಯ ನುಣುಪಷ್ಟೇ ಇರುತ್ತಿತ್ತು. ಆಮೇಲೆ ಮಿಲಿಟರಿಯಲ್ಲಿ ಲಾರಿ ಓಡಿಸುತ್ತಿದ್ದ ಅಕ್ಕಿಆಲೂರಿನವರೊಬ್ಬರು ನನ್ನನ್ನು ಮದುವೆಯಾಗಿ ಇಲ್ಲಿಗೆ ಕರೆತಂದರು. ಐವತ್ತು ವರ್ಷದ ಮೇಲಾಯಿತು. ಈ ಊರು ನನ್ನನ್ನು ಚೆನ್ನಾಗಿ ಇಟ್ಟುಕೊಂಡಿದೆ, ಆ ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ಯಾಕೆಂದರೆ ಮುಂದೆ ಹೇಳುವುದನ್ನು ಕೇಳಿದರೆ ನಿಮಗೆ ಅನುಮಾನ ಬರಬಹುದು. ನಾನು ಒಲೆಯ ಮೇಲೆ ಈ ಕಡೆಯವರು ಕಾಣದ ಪದಾರ್ಥ ಇಟ್ಟಾಗಲೆಲ್ಲ ನಮ್ಮ ಓಣಿಯಲ್ಲಿ ಏನಾದರೊಂದು ನಡೆದೇ ತೀರುತ್ತದೆ.

ಈ ಬೇಸಿಗೆಯಲ್ಲಿ ನನ್ನ ಅಣ್ಣನ ಮಗಳು ನೀಲಗಿರಿಯಿಂದ ಫೋನು ಮಾಡಿದಳು. ಅಣ್ಣನಿಗೆ ಎಂಬತ್ತು ದಾಟಿದೆ. ಜ್ವರ ಬಂದು ಹೋದಮೇಲೆ ಊಟ ಬಿಟ್ಟಿದ್ದಾನಂತೆ. ಎರಡು ಚಮಚ ಗಂಜಿ ಕುಡಿದು ಗೋಡೆ ಕಡೆ ತಿರುಗಿ ಮಲಗುತ್ತಾನೆ, ಯಾರ ಹತ್ತಿರವೂ ಮಾತಿಲ್ಲ. “ಅತ್ತೇ, ನಿನ್ನೆ ಒಂದೇ ಮಾತು ಆಡಿದರು. ‘ಅವ್ವ ಮಾಡುತ್ತಿದ್ದ ಹಣ್ಣಿನ ಬೆಣ್ಣೆ ಇದ್ದಿದ್ದರೆ’ ಅಂದರು. ನನಗೆ ಮಾಡೋಕೆ ಬರಲ್ಲ. ಹಣ್ಣು ಕಳಿಸಲಾ?” ಎಂದಳು. ಮಾಡುವ ಬಗೆಯನ್ನು ಫೋನಿನಲ್ಲೇ ಹೇಳಲು ನೋಡಿದೆ. ಎಷ್ಟು ಬೆಲ್ಲ ಎಂದರೆ ಕೈ ತೋರಿಸುತ್ತೇನೆ, ಅದು ಫೋನಿನಲ್ಲಿ ಅವಳಿಗೆ ಕಾಣುವುದಿಲ್ಲ. ಕೊನೆಗೆ ಕಳಿಸು ಎಂದೆ. ಮೂರು ಬಾಟ್ಲಿ ಮಾಡಿ ಮೂರನ್ನೂ ಅವನಿಗೇ ಕಳಿಸಬೇಕು ಎಂದುಕೊಂಡೆ.

ತಡಸದ ಎಣಿಕೆ

ಗಜ್ಜರಿ, ಅಂದರೆ ಕ್ಯಾರೆಟ್ ಹೇರಿಕೊಂಡು ನೀಲಗಿರಿಯಿಂದ ಹುಬ್ಬಳ್ಳಿಗೆ ಬರುವ ಲಾರಿಯೊಂದರಲ್ಲಿ ಹಣ್ಣು ಬಂತು. ಡ್ರೈವರು ಪೆಟ್ಟಿಗೆಯನ್ನು ತಡಸದ ಒಂದು ಚಹಾ ಅಂಗಡಿಯಲ್ಲಿ ಇಳಿಸಿ ಹೋದ. ನನ್ನ ಮಗನಿಗೆ ಶಿಗ್ಗಾಂವಿಯಲ್ಲಿ ನೌಕರಿ. ಸಂಜೆ ಕೆಲಸ ಮುಗಿಸಿ ತಡಸಕ್ಕೆ ಹೋಗಿ ಪೆಟ್ಟಿಗೆ ತೆಗೆದು ನೋಡಿದರೆ ಒಂದು ಮೂಲೆ ಖಾಲಿ. ಆ ಮೂಲೆಯಲ್ಲಿ ಆರು ಬೀಜಗಳನ್ನು ತೊಳೆದು, ಒರೆಸಿ, ಸಾಲಾಗಿ ಇಟ್ಟಿದ್ದರು.

“ಇದೇನ್ರಿ ಇದು?” ಎಂದು ಮಗ ಕೇಳಿದ.

“ವಾಸನಿ ಬರಾಕತ್ತಿತ್ರಿ ಸರ. ಕೆಟ್ಟಾವೇನೋ ನೋಡೂಣಂತ ಒಂದ ತಿಂದೆ. ಚಲೋ ಇತ್ತು” ಎಂದ ಅಂಗಡಿಯವ.

“ಒಂದ ತಿಂದ್ರಿ. ಉಳಿದ ಐದು?”

“ಒಂದ ಚಲೋ ಇದ್ರ ಎಲ್ಲಾ ಚಲೋ ಇರತಾವಂತ ಹೆಂಗ ಹೇಳಾಕ ಬರತೈತ್ರಿ? ನಾಲ್ಕೂ ಮೂಲಿಯಿಂದ ನೋಡಿದೆ, ನಟ್ಟನಡಬರಕ ಒಂದ ನೋಡಿದೆ. ಎಲ್ಲಾ ಚಲೋ ಅದಾವ, ನೀವೇನ ಕಾಳಜಿ ಮಾಡಬ್ಯಾಡ್ರಿ.”

ಮಗ ಪೆಟ್ಟಿಗೆ ಮುಚ್ಚುತ್ತಿದ್ದಾಗ ಅಂಗಡಿಯವನೇ ಮುಂದುವರಿಸಿದನಂತೆ: “ಡ್ರೈವರ ನಲವತ್ತ ಅಂತ ಹೇಳಿ ಹೋಗ್ಯಾನ. ಬೀಜ ಹಿಡದ ಎಣಿಸ್ರಿ, ನಲವತ್ತಕ್ಕ ಒಂದೂ ಕಡಿಮಿ ಬರೂದಿಲ್ಲ.”

ಅಮಾವಾಸ್ಯೆಯ ಸ್ನಾನ

ನಮ್ಮ ಮನೆಯ ಇನ್ನೊಂದು ಪಾಲಿನಲ್ಲಿ ನನ್ನ ನೆಗೆಣ್ಣಿ ಇದ್ದಾಳೆ, ನನ್ನ ಮೈದುನನ ಹೆಂಡತಿ. ನನಗಿಂತ ಎಂಟು ವರ್ಷಕ್ಕೆ ಸಣ್ಣವಳು, ಮಡಿಯಲ್ಲಿ ನನಗಿಂತ ಎಂಬತ್ತು ವರ್ಷಕ್ಕೆ ದೊಡ್ಡವಳು. ಪೆಟ್ಟಿಗೆಯಿಂದ ಒಂದು ಹಣ್ಣು ಎತ್ತಿ, ಬೆರಳಾಡಿಸಿ, ಥಟ್ಟನೆ ಕೆಳಗಿಟ್ಟಳು.

“ಅಕ್ಕಾರ, ಇದರ ಮೈಮ್ಯಾಲ ಕೂದಲ ಅದಾವಲ್ರಿ.”

“ಈ ಹಣ್ಣು ಹಂಗ ಇರತೈತಿ. ಸಣ್ಣ ಮಕ್ಕಳ ಗಲ್ಲದಂಗ.”

“ಮಕ್ಕಳ ಗಲ್ಲ ಯಾರರ ತಿಂತಾರೇನ್ರಿ? ಹಾನಗಲ್ಲ ಸೀಮಿ ತುಂಬ ಮಾವಿನಹಣ್ಣ ಬಿದ್ದ ಕೊಳ್ಯಾಕತ್ತಾವ. ನೀವು ಅಲ್ಲಿಂದ ಕೂದಲಿರೋ ಹಣ್ಣ ತರಸೀರಿ.”

ಅವಳ ಬಾಯಿ ಹೀಗೆ, ಕೈ ಬೇರೆ. ನಾನು ಮಧ್ಯಾಹ್ನ ಸ್ವಲ್ಪ ಅಡ್ಡಾಗಿ ಏಳುವುದರೊಳಗೆ ಮೂವತ್ತನಾಲ್ಕು ಹಣ್ಣುಗಳನ್ನೂ ಬಚ್ಚಲಿಗೆ ಒಯ್ದು, ಸೀಗೆಪುಡಿ ಹಚ್ಚಿ, ಬೆಚ್ಚಗಿನ ನೀರಿನಲ್ಲಿ ಒಂದೊಂದಾಗಿ ತೊಳೆದು, ಹಳೆಯ ಧೋತರದ ಮೇಲೆ ಹರಡಿಬಿಟ್ಟಿದ್ದಳು. ಹಣ್ಣುಗಳು ತಲೆ ಒಣಗಿಸಿಕೊಳ್ಳುವ ಹುಡುಗಿಯರ ಹಾಗೆ ಬಿಸಿಲಿಗೆ ಮುಖ ಮಾಡಿ ಕುಳಿತಿದ್ದವು.

ಸೀಗೆಪುಡಿ ಯಾಕೆ ಎಂದು ಕೇಳಿದೆ.

“ಕೂದಲಿಗೆ ಮತ್ತೇನ ಹಚ್ಚತಾರ್ರಿ?”

ಅದೃಷ್ಟಕ್ಕೆ ಪೀಚ್ ಹಣ್ಣನ್ನು ಕುದಿಯುವ ನೀರಿನಲ್ಲಿ ಒಂದು ನಿಮಿಷ ಅದ್ದಿ ತೆಗೆದರೆ ಸಿಪ್ಪೆ ಅಂಗಿ ಕಳಚಿದಂತೆ ಬಂದುಬಿಡುತ್ತದೆ. ಸಿಪ್ಪೆಯ ಜೊತೆ ಸೀಗೆಯೂ ಹೋಯಿತು. ಮುಂಜಾನೆಯಿಂದ ಅವಳ ಸೊಂಟ ನೋಯುತ್ತಿತ್ತು. ಆದರೂ ನನ್ನನ್ನು ಎಬ್ಬಿಸದೆ ಇಷ್ಟೆಲ್ಲ ಮಾಡಿದ್ದಳು, ಅವಳನ್ನು ಬೈಯುವುದಾದರೂ ಹೇಗೆ? “ಎಣ್ಣಿ ಹಚ್ಚಲಿಲ್ಲಲ್ಲ, ಅಷ್ಟ ಪುಣ್ಯ” ಎಂದೆ.

“ಇವತ್ತ ಅಮಾಸಿ ಅಲ್ರಿ ಅಕ್ಕಾರ. ಎಣ್ಣಿ ಹಚ್ಚಬಾರದು.”

ತಟ್ಟೆ ಪರೀಕ್ಷೆ

ಮರುದಿನ ಹನ್ನೆರಡರ ಸುಮಾರಿಗೆ ತಿರುಳು ಒಲೆ ಏರಿತು. ಇನ್ನು ಮೂರು ತಾಸು ಬಿಡದೆ ತಿರುವಬೇಕು, ಕ್ಷಣ ಬಿಟ್ಟರೂ ತಳ ಹಿಡಿಯುತ್ತದೆ. ನನ್ನ ಬಲಗೈ ಈಗ ಮೊದಲಿನ ಕೈಯಲ್ಲ, ಹತ್ತು ನಿಮಿಷಕ್ಕೇ ನಡುಗುತ್ತದೆ. ಅದನ್ನು ನೋಡಿ ಗೋಡೆಯಾಚೆಯ ಮನೆಯ ಆಪಾ ಬಂದಳು. ಅವಳ ತವರು ಸವಣೂರು, ಅಪ್ಪನದು ಖಾರ, ಅಂದರೆ ಕುರುಕುಲು ತಿಂಡಿ ಮಾಡುವ ಭಟ್ಟಿ, ಚಿಕ್ಕಂದಿನಿಂದ ದೊಡ್ಡ ಕಡಾಯಿಯ ಮುಂದೆ ಬೆಳೆದವಳು. “ಸರೀರಿ, ಇದು ನಮ್ಮ ಕೈಗೆ ಆಟ” ಎಂದು ನನ್ನ ಕೈಯಿಂದ ಹುಟ್ಟು ಕಸಿದುಕೊಂಡಳು. ಅವಳ ಹಿಂದೆ ಅವಳ ಸೊಸೆ ಬಂದಳು. ಸೊಸೆಯನ್ನು ಕರೆಯಲು ಬಂದ ಎದುರುಮನೆಯಾಕೆಯೂ ಕುಳಿತಳು. ನನ್ನ ನೆಗೆಣ್ಣಿ ಹೇಗೂ ಇದ್ದೇ ಇದ್ದಳು.

ಹದ ನೋಡುವ ಬಗೆಯನ್ನು ಅವರಿಗೆ ಹೇಳಿಕೊಟ್ಟಿದ್ದೇ ನನ್ನ ತಪ್ಪು. ತಣ್ಣನೆಯ ತಟ್ಟೆಯ ಮೇಲೆ ಒಂದು ಚಮಚ ಹಾಕಬೇಕು. ಸುತ್ತ ನೀರು ಒಸರಿದರೆ ಆಗಿಲ್ಲ, ಒಸರದಿದ್ದರೆ ಆಯಿತು. ನೋಡಿದ ಮೇಲೆ ಆ ಚಮಚದಷ್ಟನ್ನು ಏನು ಮಾಡಬೇಕು ಎಂದು ನಾನು ಹೇಳಿರಲಿಲ್ಲ. ಅದನ್ನು ಯಾರೂ ಕೇಳಲೂ ಇಲ್ಲ.

“ಆಗೇತೇನ ನೋಡ್ರಿ” ಎಂದು ಆಪಾ ಹಾಕುವಳು. ನನ್ನ ನೆಗೆಣ್ಣಿ ತಟ್ಟೆಯನ್ನು ಕಣ್ಣಿನ ಹತ್ತಿರ ಹಿಡಿದು, ಬೆಳಕಿಗೆ ತಿರುಗಿಸಿ, ಆಮೇಲೆ ಬಾಯಿಗೆ ಹಾಕಿಕೊಂಡು, “ಇನ್ನಾ ಸ್ವಲ್ಪ ಬೇಕ್ರಿ” ಎನ್ನುವಳು. ಐದು ನಿಮಿಷಕ್ಕೆ ಮತ್ತೊಬ್ಬರ ಸರದಿ. ನಾನು ದೂರದ ಕುರ್ಚಿಯಲ್ಲಿ ಕೈಗೆ ಎಣ್ಣೆ ಉಜ್ಜಿಕೊಳ್ಳುತ್ತ ಇಷ್ಟು ಜನ ನನ್ನ ಅಣ್ಣನಿಗಾಗಿ ಬೆವರು ಸುರಿಸುತ್ತಿದ್ದಾರಲ್ಲ ಎಂದು ಕಣ್ಣು ಒದ್ದೆ ಮಾಡಿಕೊಂಡೆ.

ನಾಲ್ಕು ಗಂಟೆಗೆ ಎದ್ದು ಹೋಗಿ ನೋಡಿದೆ. ಹದ ಬಂದು ಬಹಳ ಹೊತ್ತಾಗಿತ್ತು. ಮೂರು ಬಾಟ್ಲಿಯ ಲೆಕ್ಕದ ಪಾತ್ರೆಯಲ್ಲಿ ಎರಡು ಬಾಟ್ಲಿಯಷ್ಟು ಉಳಿದಿತ್ತು.

“ಆಪಾ, ಇದು ಆಗಿ ಅರ್ಧಾ ತಾಸ ಆಗೇತಲ್ಲ.”

ಆಪಾ ಹುಟ್ಟು ನಿಲ್ಲಿಸಿ ಉಳಿದವರ ಮುಖ ನೋಡಿದಳು. ಮೂವರೂ ತಟ್ಟೆಯನ್ನು ನೋಡುತ್ತಿದ್ದರು. “ನಂಗೂ ಹಂಗ ಅನಸ್ತಿತ್ರಿ” ಎಂದಳು ಆಪಾ. “ಆದ್ರ ನಾಕ ಮಂದಿಯೊಳಗ ಮೂರ ಮಂದಿ ಆಗಿಲ್ಲ ಅಂದ್ರ ನಾ ಒಬ್ಬಾಕಿ ಏನ ಹೇಳ್ಲಿ?”

ಪಥ್ಯ

ಎರಡು ಬಾಟ್ಲಿಗಳನ್ನು ಆರಲು ಪಡಸಾಲೆಯ ಗೋಡೆಯ ಗೂಡಿನಲ್ಲಿಟ್ಟೆ. ಕಪ್ಪುಗೆಂಪು ಬಣ್ಣ, ಶುಂಠಿ ಲವಂಗದ ಘಮ. ನಿವೃತ್ತರಾದ ಮಾಸ್ತರರೊಬ್ಬರು ಎರಡು ಮನೆಯಾಚೆ ಇದ್ದಾರೆ, ದಿನಾ ಪೇಪರು ಓದಲು ನಮ್ಮ ಕಟ್ಟೆಗೆ ಬರುತ್ತಾರೆ. ತಿಂಗಳಿಂದ ಅವರಿಗೆ ಒಣಕೆಮ್ಮು. ಮರುದಿನ ನಾನು ಒಳಗಿದ್ದಾಗ ಬಾಟ್ಲಿ ನೋಡಿ, “ಲೇಹ್ಯ ಭಾಳ ಚಲೋ ಇಳದೈತಿ” ಎಂದರಂತೆ. ನನ್ನ ನೆಗೆಣ್ಣಿಗೆ ಕರುಣೆ ಬಂದು ಒಂದು ಬಾಟ್ಲಿಯನ್ನು ಹಾಗೆಯೇ ಅವರ ಕೈಗೆ ಕೊಟ್ಟುಬಿಟ್ಟಳು.

“ಎಲ್ಲಾ ಯಾಕ ಕೊಟ್ಟಿ?” ಎಂದೆ.

“ಕೆಮ್ಮ ಪೂರಾ ಐತಿ, ಔಷಧ ಅರ್ಧ ಹೆಂಗ ಕೊಡೂದ್ರಿ?”

ಮೂರನೆಯ ದಿನ ಮಾಸ್ತರರು ಬಂದರು. ಮುಂಜಾನೆ ಸಂಜೆ ಒಂದೊಂದು ಚಮಚ ಬಿಸಿ ಹಾಲಿನಲ್ಲಿ ತೆಗೆದುಕೊಂಡು, ಬದನೆಕಾಯಿ ಬಿಟ್ಟು, ಮಜ್ಜಿಗೆ ಬಿಟ್ಟು, ಕಟ್ಟುನಿಟ್ಟಿನ ಪಥ್ಯ ಮಾಡಿದ್ದರು. ಕೆಮ್ಮು ನಿಂತಿತ್ತು. ಅದು ಹಣ್ಣು ಮತ್ತು ಬೆಲ್ಲ, ಔಷಧವಲ್ಲ, ಕೆಮ್ಮು ತಿರುಗಿ ಬಂದರೆ ಡಾಕ್ಟರಿಗೆ ತೋರಿಸಿ ಎಂದು ಬಿಡಿಸಿ ಹೇಳಿದೆ. ಅವರು ನಕ್ಕರು. “ಇರಲಿ ಬಿಡ್ರಿ. ಗೊತ್ತಿದ್ದವರು ಗುಟ್ಟ ಬಿಟ್ಟ ಕೊಡೂದಿಲ್ಲ” ಎಂದರು.

ಆ ವಾರ ಅವರ ಅಕ್ಕ ಹಿರೇಕೆರೂರಿನಿಂದ ಬಂದಿದ್ದರು, ಮೊಣಕಾಲು ನೋವು. ಮಾಸ್ತರರು ತಮ್ಮ ಪಾಲಿನ ಲೇಹ್ಯದಲ್ಲಿ ಅವರಿಗೂ ಕೊಟ್ಟರು. ತಿನ್ನಬೇಕೋ ಹಚ್ಚಬೇಕೋ ಎಂದು ಅಕ್ಕ ಕೇಳಲಿಲ್ಲ, ತಮ್ಮನೂ ಹೇಳಲಿಲ್ಲ. ಆಕೆ ಎರಡೂ ಮೊಣಕಾಲಿಗೆ ದಪ್ಪಗೆ ಬಳಿದು, ಬಟ್ಟೆ ಕಟ್ಟಿಕೊಂಡು ಕಟ್ಟೆಯ ಮೇಲೆ ಮಲಗಿದರು. ಅರ್ಧ ತಾಸಿಗೆ ಎದ್ದು ಓಣಿಯ ತುದಿಯವರೆಗೆ ಸರಸರ ನಡೆದು ಬಂದಿದ್ದನ್ನು ನಾನೇ ನೋಡಿದೆ.

“ನೋವ ಹೋತೇನ್ರಿ ಅಕ್ಕಾರ?” ಎಂದು ಕೇಳಿದೆ.

“ನೋವ ಎಲ್ಲಿ ಹೋಗತೈತವಾ. ಇರಿವಿ ಬಂದಾವ.”

ಅಣ್ಣನ ಫೋನು

ಉಳಿದದ್ದು ಒಂದೇ ಬಾಟ್ಲಿ. ಅದನ್ನು ಟ್ರಂಕಿನಲ್ಲಿಟ್ಟು ಕೀಲಿ ಹಾಕಿ, ಕೀಲಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡೆ. ಗಜ್ಜರಿ ಲಾರಿ ವಾಪಸು ಹೋಗುವ ದಿನ ನನ್ನ ನೆಗೆಣ್ಣಿ ಬಾಟ್ಲಿಗೆ ಮೂರು ಸುತ್ತು ಹಳೆಯ ಸೀರೆ ಸುತ್ತಿದಳು. ಆಪಾ ಒಂದು ಪೊಟ್ಟಣ ಸವಣೂರು ಖಾರ ತಂದು, “ಸಿಹಿ ತಿಂದ ಬಾಯಿಗೆ ಬೇಕಾಗತೈತಿ” ಎಂದು ಜೊತೆಗಿಟ್ಟಳು. ಮಾಸ್ತರರು ಒಂದು ಚೀಟಿ ಬರೆದುಕೊಟ್ಟರು. ಅದರಲ್ಲಿ ‘ದಿನಕ್ಕೆರಡು ಸಲ, ಬದನೆಕಾಯಿ ವರ್ಜ್ಯ’ ಎಂದಿತ್ತು. ಅದನ್ನೂ ಕಳಿಸಿದೆ. ಕಂಡಿಲ್ಲದ, ಕೇಳಿಲ್ಲದ ಒಬ್ಬ ಮುದುಕನಿಗೆ ಒಂದು ಓಣಿಯೇ ಸೇರಿ ಗಂಟು ಕಟ್ಟಿತ್ತು. ಒಂದೂ ಹಣ್ಣು ಇರದಿದ್ದರೂ ಆ ಗಂಟನ್ನು ನಾನು ಕಳಿಸುತ್ತಿದ್ದೆ.

ಆಮೇಲೆ ಮೂರು ದಿನ ಸುದ್ದಿಯಿಲ್ಲ. ನಾನೂ ಸರಿಯಾಗಿ ಉಣ್ಣಲಿಲ್ಲ. ನಾಲ್ಕನೆಯ ದಿನ ಮುಂಜಾನೆ ಫೋನು ಬಂತು. ಅಣ್ಣನ ಮಗಳಲ್ಲ, ಅಣ್ಣನೇ.

“ಪುಟ್ಟೀ, ಇದು ಅವ್ವ ಮಾಡಿದ ಹಾಗೆ ಇಲ್ಲ.”

“ಸ್ವಲ್ಪಾನೂ ಇಲ್ಲೇನು ಅಣ್ಣಯ್ಯಾ?” ಎಂದೆ.

“ಒಂದಿಷ್ಟೂ ಇಲ್ಲ.”

“ಹಂಗಾರ ತಿನ್ನಬ್ಯಾಡ ಬಿಡು. ಮನ್ಯಾಗ ಯಾರಿಗರ ಕೊಡು.”

“ಏನನ್ನ ಕೊಡಲಿ? ಬಾಟ್ಲಿ ಖಾಲಿ.”

“ಯಾವಾಗ ಖಾಲಿ ಆತು?”

“ಮೊನ್ನೆ ಸಂಜೆ ಬಂತು, ಈಗ ಮುಗೀತು. ಎಲ್ಲಿ ತಪ್ಪಾಗಿದೆ ಅಂತ ಮೊದಲನೇ ಚಮಚದಲ್ಲಿ ಗೊತ್ತಾಗಲಿಲ್ಲ. ಅದಕ್ಕೇ ಪೂರ್ತಿ ತಿಂದು ನೋಡಬೇಕಾಯಿತು.”

ಹಿಂದಿನಿಂದ ಅವನ ಮಗಳ ದನಿ ಕೇಳಿಸಿತು: “ಅತ್ತೇ, ಅದನ್ನ ಹಚ್ಚಿಕೊಂಡು ನಿನ್ನೆ ರಾತ್ರಿ ನಾಲ್ಕು ಚಪಾತಿ.”

“ಮೂರೂವರೆ” ಎಂದ ಅಣ್ಣ. “ನೀನು ಸುಮ್ಮನಿರು, ನಾನು ಮಾತಾಡುತ್ತಿದ್ದೇನೆ. ಪುಟ್ಟೀ, ಚಕ್ಕೆ ಜಾಸ್ತಿ ಹಾಕಿದ್ದೀಯ. ಬೆಲ್ಲ ಹೊಸದು, ಅವ್ವ ಹಳೇ ಬೆಲ್ಲ ಹಾಕುತ್ತಿದ್ದಳು. ತಿರುಳನ್ನ ಅಷ್ಟು ನುಣ್ಣಗೆ ಯಾರು ಮಾಡು ಅಂದರು? ಅಲ್ಲಲ್ಲಿ ಹಲ್ಲಿಗೆ ಸಿಗಬೇಕು. ಈಗ ನನಗೆ ಹಲ್ಲಿಲ್ಲ, ಅದು ಬೇರೆ ಮಾತು. ಮತ್ತೆ ಆ ಬದನೆಕಾಯಿ ಚೀಟಿ ಬರೆದವನು ಯಾರು? ಬದನೆಕಾಯಿ ಯಾಕೆ ಬಿಡಬೇಕು ನಾನು? ಹೋದ ವಾರ ಯಾಕೆ ತಂದಿಲ್ಲ ಅಂತ ಇವಳನ್ನ ಈಗಷ್ಟೇ ಬೈದೆ. ಇನ್ನೂ ಹಣ್ಣಿವೆ ಗಿಡದಲ್ಲಿ, ನಾಳೆ ಲಾರಿಗೆ ಹಾಕಿಸುತ್ತೇನೆ. ಈ ಸಲ ತಪ್ಪಬಾರದು. ಬರೆದುಕೋ. ಇನ್ನೂ ಇವೆ, ನಾನು ಮೊದಲಿಂದ ಹೇಳುತ್ತೇನೆ.”

ತಿಂಗಳಿಂದ ಗೋಡೆ ಕಡೆ ಮುಖ ಮಾಡಿ ಮಲಗಿದ್ದವನು ಉಸಿರು ತೆಗೆದುಕೊಳ್ಳಲೂ ನಿಲ್ಲುತ್ತಿರಲಿಲ್ಲ. ನಾನು ಫೋನನ್ನು ಜೋರಾಗಿ ಕೇಳುವಂತೆ ಮಾಡಿ ಮೇಜಿನ ಮೇಲಿಟ್ಟು, ಒಳಗೆ ಓದುತ್ತಿದ್ದ ಮೊಮ್ಮಗಳನ್ನು ಕರೆದೆ.

“ನೋಟಬುಕ್ಕು ತಗೊಂಡು ಬಾರವ್ವಾ. ನಿಮ್ಮ ನೀಲಗಿರಿ ಅಜ್ಜ ನನ್ನ ತಪ್ಪು ಹೇಳಾಕತ್ತಾನ. ಒಂದೂ ಬಿಡದಂಗ ಬರಕೋ.”