ಒಳಗಿನ ಕಂಪ್ಯೂಟರಿಗೆ ಬ್ರಿಡ್ಜ್ ಕಟ್ಟಿದ್ದು

ಕಂಪ್ಯೂಟರ್ ನಮ್ಮ ಮನಸ್ಸಿನಲ್ಲಿರುವುದನ್ನು ಬಿಟ್ಟು ನಾವು ಟೈಪ್ ಮಾಡಿದ್ದನ್ನಷ್ಟೇ ಕೇಳುತ್ತದೆ. ಆದ್ದರಿಂದ ನಮ್ಮ ಶಾಲೆಯ ಲ್ಯಾಬಿನಲ್ಲಿ ಇಂಥ ಪ್ರಸಂಗಗಳು ಆಗಾಗ ನಡೆಯುತ್ತಲೇ ಇರುತ್ತವೆ.

ಚನ್ನರಾಯಪಟ್ಟಣದಿಂದ ಹೊಳೆನರಸೀಪುರದ ಕಡೆ ಹೋಗುವ ರಸ್ತೆಯಲ್ಲಿ ನಮ್ಮ ಪ್ರೌಢಶಾಲೆ. ನಾನು ವಿಜ್ಞಾನ ಪಾಠ ಹೇಳುತ್ತೇನೆ, ಲ್ಯಾಬಿನ ಕಂಪ್ಯೂಟರುಗಳ ಉಸ್ತುವಾರಿಯೂ ನನ್ನದೇ. ನನ್ನ ಹೆಂಡತಿ ಅಲ್ಲೇ ಗಣಿತ ಹೇಳುತ್ತಿದ್ದಳು. ಹೋದ ವರ್ಷ ತೀರಿಕೊಂಡಳು. ಅವಳು ಮನೆಯಲ್ಲಿ ಕೂತು ರೆಕಾರ್ಡ್ ಮಾಡಿದ ಪಾಠಗಳು ಲ್ಯಾಬಿನ ಮುಖ್ಯ ಯಂತ್ರದಲ್ಲಿವೆ. ಆ ಯಂತ್ರದೊಳಗೆ ತಂತ್ರಾಂಶದಿಂದಲೇ ಕಟ್ಟಿದ ಇನ್ನೊಂದು ಕಂಪ್ಯೂಟರ್ ಇದೆ, ಪಾಠಗಳಿರುವುದು ಅದರಲ್ಲಿ. ಬೇಸಿಗೆ ರಜೆಯಲ್ಲಿ ಮುಖ್ಯ ಯಂತ್ರಕ್ಕೆ ಹೊಸ ತಂತ್ರಾಂಶ ಹಾಕಿದ ಮೇಲೆ ಈ ಒಳಗಿನ ಕಂಪ್ಯೂಟರ್ ಮಕ್ಕಳ ಕಂಪ್ಯೂಟರುಗಳಿಗೆ ಕಾಣದಾಯಿತು. ಕಾಣಬೇಕಾದರೆ ಕಮಾಂಡುಗಳನ್ನು ಕೊಟ್ಟು ಬ್ರಿಡ್ಜ್ ಕಟ್ಟಬೇಕು. ಅಂದರೆ ಒಳಗಿನ ಕಂಪ್ಯೂಟರನ್ನೂ ಹೊರಗಿನ ವೈರನ್ನೂ ಒಂದೇ ಜಾಲಕ್ಕೆ ಸೇರಿಸುವ ಏರ್ಪಾಟು.

“ಶನಿವಾರದೊಳಗೆ ಮಕ್ಕಳಿಗೆ ಪಾಠ ಸಿಗದಿದ್ದರೆ ಆ ಒಳಗಿನ ಕಂಪ್ಯೂಟರನ್ನೇ ಅಳಿಸಿಬಿಡೋಣ ಮೇಷ್ಟ್ರೇ,” ಎಂದರು ಹೆಡ್ಮಾಸ್ಟರು. “ನಿಮ್ಮ ಹತ್ರ ಕಾಪಿ ಇದೆಯಲ್ಲ.”

ಇದೆ. ಆದರೆ ಅವಳು ಪಾಠ ಹೇಳಿದ್ದು ನಮ್ಮ ಮನೆಯ ಬೀರುವಿಗಲ್ಲ.

೧. ಕೂತ ಕೊಂಬೆ

ಭಾನುವಾರ ಚನ್ನರಾಯಪಟ್ಟಣದ ಮನೆಯಿಂದಲೇ ಶಾಲೆಯ ಯಂತ್ರಕ್ಕೆ ಸಂಪರ್ಕ ಪಡೆದು ಕೆಲಸ ಶುರುಮಾಡಿದೆ. ಬ್ರಿಡ್ಜ್ ಸೃಷ್ಟಿಸಿದೆ. ಹೊರಗಿನ ವೈರು ಬಂದು ಸೇರುವ ನೆಟ್‌ವರ್ಕ್ ಕಾರ್ಡನ್ನು ಅದಕ್ಕೆ ಸೇರಿಸಿದೆ. ಪರದೆ ಅಲ್ಲೇ ನಿಂತಿತು. ಕಾರ್ಡಿಗಿದ್ದ ಜಾಲದ ವಿಳಾಸವನ್ನು ಬ್ರಿಡ್ಜಿಗೆ ವರ್ಗಾಯಿಸಬೇಕಿತ್ತು. ಅದನ್ನು ಮಾಡುವ ಮೊದಲೇ, ನಾನು ಯಾವ ದಾರಿಯಿಂದ ಒಳಗೆ ಹೋಗಿದ್ದೆನೋ ಆ ದಾರಿಯನ್ನೇ ಕಡಿದಿದ್ದೆ.

ಶಾಲೆಯ ಪಕ್ಕದಲ್ಲೇ ಮನೆಯಿರುವ ಅಟೆಂಡರ್‌ಗೆ ಫೋನ್ ಮಾಡಿ, ಯಂತ್ರ ಸತ್ತಿದೆಯೇ ನೋಡು ಎಂದೆ. ಹೋಗಿ ನೋಡಿ ಹೇಳಿದ:

“ಮಿಷಿನ್ ಚೆನ್ನಾಗೈತೆ ಸಾ. ಲೈಟು ಮಿಣಮಿಣ ಅಂತೈತೆ. ಎಲ್ಲಾ ಐತೆ, ನೀವೊಬ್ರೇ ಇಲ್ಲ.”

ಬಸ್ ಹತ್ತಿದೆ.

೨. ಮರೆವು

ದಿನಾ ಲ್ಯಾಬಿನಲ್ಲೇ ಕೂತು ಹೆಣಗಿದ ಮೇಲೆ ಗುರುವಾರ ಸಂಜೆ ಬ್ರಿಡ್ಜ್ ಸರಿಯಾಯಿತು. ಪಾಠ ಎಲ್ಲ ಕಂಪ್ಯೂಟರುಗಳಲ್ಲೂ ತೆರೆಯಿತು. ಬಹಳ ದಿನದ ಮೇಲೆ ಹಗುರಾಗಿ ಮನೆಗೆ ಹೋದೆ.

ಶುಕ್ರವಾರ ಬಂದು ನೋಡಿದರೆ ಬ್ರಿಡ್ಜೇ ಇಲ್ಲ. ಅಟೆಂಡರ್ ಪ್ರತಿ ಶುಕ್ರವಾರ ಬೆಳಿಗ್ಗೆ ಮೇನ್ ಸ್ವಿಚ್ ಆರಿಸಿ, ಯಂತ್ರಗಳನ್ನು ಒರೆಸಿ, ಕುಂಕುಮವಿಟ್ಟು, ಊದುಬತ್ತಿ ಬೆಳಗಿ, ಮತ್ತೆ ಸ್ವಿಚ್ ಹಾಕುತ್ತಾನೆ. ಬರೀ ಟೈಪ್ ಮಾಡಿದ ಕಮಾಂಡುಗಳು ಕರೆಂಟ್ ಹೋದರೆ ಉಳಿಯುವುದಿಲ್ಲ. ಉಳಿಯಬೇಕಾದರೆ ಅವುಗಳನ್ನು ಫೈಲಿನಲ್ಲಿ ಬರೆದಿಡಬೇಕು. ಇದನ್ನು ಅವನಿಗೆ ಸಾವಧಾನವಾಗಿ ವಿವರಿಸಿದೆ.

“ಅಂಗಾದ್ರೆ ನಮ್ಮ ಉಡುಗ್ರೇ ವಾಸಿ ಸಾ,” ಎಂದ. “ಬೆಳಿಗ್ಗೆ ಎದ್ದು ಮುಖ ತೊಳೆಯೋವರ್ಗಾದ್ರೂ ಜ್ಞಾಪಕ ಇಟ್ಕತಾರೆ.”

ಫೈಲಿನಲ್ಲಿ ಬರೆದಿಟ್ಟೆ.

೩. ಫ್ಯಾನು

ಶನಿವಾರ. ಮಕ್ಕಳು ಕೂತಿದ್ದರು, ಹೆಡ್ಮಾಸ್ಟರು ನಿಂತಿದ್ದರು. ಯಾವ ಕಂಪ್ಯೂಟರಿನಲ್ಲೂ ಏನೂ ತೆರೆಯಲಿಲ್ಲ. ಫೈಲಿನ ಸಾಲು ಸಾಲು ಓದಿದೆ, ತಪ್ಪಿಲ್ಲ. ಹೆಡ್ಮಾಸ್ಟರು ಗಡಿಯಾರ ನೋಡಿದರು. ಕೊನೆಗೆ ಮೇಜಿನ ಕೆಳಗೆ ಬಗ್ಗಿದೆ. ವೈರುಗಳೆಲ್ಲ ಬಂದು ಸೇರುವ ಪೆಟ್ಟಿಗೆಯಲ್ಲಿ ಒಂದೇ ವೈರಿನ ಎರಡೂ ತುದಿಗಳಿದ್ದವು. ಅಲ್ಲಿಂದ ಹೊರಟ ಮಾಹಿತಿ ಅಲ್ಲಿಗೇ ಬಂದು, ಸುತ್ತಿ ಸುತ್ತಿ ಜಾಲವೆಲ್ಲ ಉಸಿರುಕಟ್ಟಿತ್ತು.

“ಒಂದು ತುದಿ ಎಮ್ಮೆ ಬಾಲ್ದಂಗೆ ನೇತಾಡ್ತಿತ್ತು ಸಾ,” ಎಂದ ಅಟೆಂಡರ್. “ಸಾಹೇಬ್ರು ಬತ್ತಾರೆ, ಚೆಂದಾಗಿರ್ಲಿ ಅಂತ ಸಿಕ್ಕಿಸ್ದೆ.”

ಕಿತ್ತೆ. ಪಾಠ ತೆರೆಯಿತು. ಎಲ್ಲ ಕಂಪ್ಯೂಟರುಗಳಿಂದ ಅವಳ ದನಿ ಬಂತು: “ಮಕ್ಕಳೇ, ಲಂಬಕೋನ ತ್ರಿಭುಜ ಬರೆದುಕೊಳ್ಳಿ.” ಮಕ್ಕಳು ಬರೆದುಕೊಂಡರು. ಹೆಡ್ಮಾಸ್ಟರು ನನ್ನ ಕಡೆ ನೋಡದೆ, “ಇದು ಇಲ್ಲೇ ಇರಲಿ,” ಎಂದರು. ನಾನು ಕೂತುಕೊಂಡೆ.

ಅಷ್ಟರಲ್ಲಿ ಪಾಠ ನಿಂತು, ಅದೇ ದನಿ ಲ್ಯಾಬಿನ ಎಲ್ಲ ಮೂಲೆಗಳಿಂದ ಕೇಳಿತು:

“ರೀ, ರೆಕಾರ್ಡಿಂಗ್ ನಡೀತಿದೆ. ಆ ಫ್ಯಾನ್ ಆರಿಸಿ ಅಂತ ಎಷ್ಟು ಸಲ ಹೇಳಬೇಕು?”

ನಾನು ಎದ್ದು ಹೋಗಿ ಲ್ಯಾಬಿನ ಫ್ಯಾನ್ ಆರಿಸಿದೆ. ಅವಳು ಹೇಳಿದ್ದು ಅಂದಿನ ನಮ್ಮ ಮನೆಯ ಫ್ಯಾನ್ ಎಂದು ಆರಿಸಿದ ಮೇಲೆಯೇ ಗೊತ್ತಾದದ್ದು. ಮಕ್ಕಳು ನಗು ತಡೆದುಕೊಂಡರು. ಹೆಡ್ಮಾಸ್ಟರು ಕುತ್ತಿಗೆ ಒರೆಸಿಕೊಂಡು, “ಇರಲಿ ಬಿಡಿ, ಮೇಡಂ ಪಾಠ ಮುಗಿಸಲಿ. ಆಮೇಲೆ ನನ್ನ ರೂಮಿಗೆ ಹೋಗಿ ಗಾಳಿ ತಗೊಳ್ಳೋಣ,” ಎಂದರು.

ಬಾಗಿಲಲ್ಲಿ ಅಟೆಂಡರ್ ಏದುಸಿರು ಬಿಡುತ್ತಾ ನಿಂತಿದ್ದ.

“ನಿಮ್ಮ ರೂಮಿಂದೂ ಆರ್ಸಿ ಬಂದೆ ಸಾ. ಸ್ಟಾಫ್ ರೂಮಿಂದೂ ಆರ್ಸಿದೆ. ಮೇಡಮ್ಮೋರು ಯಾವ ಫ್ಯಾನು ಅಂತ ಏಳ್ಲಿಲ್ವಲ್ಲ.”