ಕುದುರೆ ಮೊದಲು, ಸವಾರ ಆಮೇಲೆ

ನಮ್ಮ ಮಾವನವರು ಮಹಾಯುದ್ಧ ಗೆದ್ದು ಬಂದವರು. ಯಾರ ವಿರುದ್ಧ ಗೆದ್ದರು ಎಂಬುದು ಮಾತ್ರ ಕೊನೆಯವರೆಗೂ ಅವರಿಗೇ ಸರಿಯಾಗಿ ಗೊತ್ತಿರಲಿಲ್ಲ!

ಮೀಸೆ ಬಲಿಯುವ ಮೊದಲೇ ಮಹಾರಾಜರ ಕುದುರೆ ಪಡೆ ಸೇರಿ, ಹಡಗು ಹತ್ತಿ, ಯಾವುದೋ ಮರಳುಗಾಡಿಗೆ ಹೋಗಿದ್ದರಂತೆ. ನಾನು ಅವರ ಕಡೇ ಮಗನನ್ನು ಕಟ್ಟಿಕೊಂಡು ಸಮೇತನಹಳ್ಳಿಗೆ ಬರುವಷ್ಟರಲ್ಲಿ ಅವರಿಗೆ ಎಪ್ಪತ್ತು ದಾಟಿತ್ತು. ಶತ್ರು ಹೇಗಿದ್ದ, ಗುಂಡು ಹೇಗೆ ಹಾರಿತು ಎಂದು ಯಾರು ಕೇಳಿದರೂ ಅವರು ಹೇಳುತ್ತಿದ್ದದ್ದು ಒಂದೇ ಕತೆ. ಕುದುರೆ ಎಷ್ಟು ಹುರುಳಿ ತಿನ್ನುತ್ತಿತ್ತು, ಬಿಸಿಲಲ್ಲಿ ಓಡಿಬಂದ ಮೇಲೆ ಎಷ್ಟು ಹೊತ್ತು ಬಿಟ್ಟು ಅದಕ್ಕೆ ನೀರು ಕುಡಿಸಬೇಕು, ಇಷ್ಟೇ. ಇದನ್ನು ಕಲಿಯಲು ಸಮುದ್ರ ದಾಟಬೇಕಿತ್ತೇ? ಹೊಸಕೋಟೆಯ ಜಟಕಾ ಸಾಬರು ಹೇಳಿಕೊಡುತ್ತಿರಲಿಲ್ಲವೇ?

ಪದಕಗಳು ಮೂರಿದ್ದವು. ಯಾವುದು ಯಾವ ಪರಾಕ್ರಮಕ್ಕೆ ಎಂದು ನಾನೇ ಒಮ್ಮೆ ಕೇಳಿದೆ.

“ಒಂದು ಹೋಗಿದ್ದಕ್ಕೆ ಕಣಮ್ಮ. ಒಂದು ಅಲ್ಲಿದ್ದಿದ್ದಕ್ಕೆ. ಇನ್ನೊಂದು ಎಲ್ಲಾರ್ಗೂ ಕೊಟ್ರು, ನಂಗೂ ಕೊಟ್ರು.”

ಹೋಗಿದ್ದಕ್ಕೂ ಇದ್ದದ್ದಕ್ಕೂ ಪದಕ ಕೊಡುವುದಾದರೆ, ಆ ಮನೆಗೆ ಹೋಗಿ ಅಲ್ಲೇ ಇದ್ದುಬಿಟ್ಟ ನನಗೆ ಸೆರಗು ಹರಿಯುವಷ್ಟು ಬರಬೇಕಿತ್ತು!

ಸಂಕ್ರಾಂತಿ ಬಂದರೆ ಊರಿನವರು ಎತ್ತಿನ ಕೊಂಬಿಗೆ ಬಣ್ಣ ಬಳಿದು ಬಲೂನು ಕಟ್ಟುತ್ತಿದ್ದರು. ನಮ್ಮ ಮಾವ ಮೂರೂ ಪದಕಗಳನ್ನು ಎತ್ತಿನ ಕೊರಳಿಗೆ ಕಟ್ಟಿ ಕಿಚ್ಚು ಹಾಯಿಸಲು ಹೊರಡುತ್ತಿದ್ದರು. ಸವಾರ್ ತಾತನ ಎತ್ತು ಯಾವ ಯುದ್ಧಕ್ಕೆ ಹೋಗಿತ್ತು ಎಂದು ಪಡ್ಡೆಗಳು ಕಿಚಾಯಿಸಿದರೆ ಅವರಿಗೆ ಕೋಪವೇ ಇಲ್ಲ.

“ಓಡಿದ್ದು ಕುದ್ರೆ ಕಣ್ರಲಾ, ನಾನು ಮೇಲೆ ಕೂತಿದ್ದೆ. ನಾನ್ ಹಾಕ್ಕೋಬೋದಾದ್ರೆ ಇದೂ ಹಾಕ್ಕೋಬೋದು.”

ಇದೆಲ್ಲ ನಗುವ ವಿಷಯ. ನನ್ನ ಹೊಟ್ಟೆಗೆ ಬಂದದ್ದು ಅವರ ಊಟದ ಕಾನೂನು. ದನಕರು ಮೇವು ತಿಂದು ನೀರು ಕುಡಿಯುವವರೆಗೆ ಅವರು ತಟ್ಟೆ ಮುಟ್ಟುತ್ತಿರಲಿಲ್ಲ. ಪಡೆಯಲ್ಲಿ ಕುದುರೆ ಮೊದಲು, ಸವಾರ ಆಮೇಲೆ. ಮಾವ ಉಣ್ಣದೆ ಉಳಿದ ಗಂಡಸರು ಉಣ್ಣುವಂತಿಲ್ಲ, ಗಂಡಸರು ಉಣ್ಣದೆ ಅತ್ತೆ ಉಣ್ಣುವಂತಿಲ್ಲ, ಅತ್ತೆ ಉಣ್ಣದೆ ನಾನು ಉಣ್ಣುವಂತಿಲ್ಲ. ಎಮ್ಮೆಯೊಂದು ಮೇವಿನ ಮುಂದೆ ನಿಂತು ಯೋಚನೆಗೆ ಬಿದ್ದರೆ ಸಾಲಿನ ಕೊನೆಯಲ್ಲಿ ನನ್ನ ಮುದ್ದೆ ಕಲ್ಲಾಗುತ್ತಿತ್ತು. ಬೇಗ ತಿನ್ನೇ ತಾಯಿ ಎಂದು ಎಮ್ಮೆಯನ್ನು ಬೇಡಿಕೊಂಡ ಸೊಸೆ ಈ ತಾಲ್ಲೂಕಿನಲ್ಲಿ ನಾನೊಬ್ಬಳೇ ಇರಬೇಕು.

ನಾನು ಏಳು ತಿಂಗಳ ಬಸುರಿಯಾಗಿದ್ದಾಗ, ಹೊಸಕೋಟೆಯಲ್ಲಿ ಹಳೇ ಸೈನಿಕರಿಗೆ ಸನ್ಮಾನ, ಬನ್ನಿ ಎಂದು ಹೇಳಿಕಳಿಸಿದರು. ಅತ್ತೆ ಪದಕಗಳನ್ನು ಹುಣಸೆಹಣ್ಣು ಹಾಕಿ ಉಜ್ಜಿ, ಮಾವನ ಎದೆಗೆ ಸಿಕ್ಕಿಸಿ ಕಳಿಸಿದರು. ಮಾವ ಹಾರ ಹಾಕಿಸಿಕೊಂಡು, ಶಾಲು ಹೊದ್ದು, ಊರಿನ ಹಿರಿಯರನ್ನೆಲ್ಲ ಬೆನ್ನಿಗೆ ಕಟ್ಟಿಕೊಂಡು ಬಂದರು. ಅಷ್ಟೂ ಜನಕ್ಕೆ ನಮ್ಮಲ್ಲೇ ಊಟ! ಬೇಯಿಸಿದ್ದು ಯಾರು? ಯುದ್ಧ ಗೆದ್ದವರಂತೂ ಅಲ್ಲ. ಬೆಳಗಿನಿಂದ ಒಲೆ ಮುಂದೆ ಕೂತು ನನ್ನ ಕಾಲು ಊದಿತ್ತು. ಹಸಿವಿಗೆ ಕಣ್ಣು ಕತ್ತಲೆ ಬರುತ್ತಿತ್ತು. ದನಗಳು ಉಂಡಾಗಿತ್ತು, ಇನ್ನು ಹಿರಿಯರು, ಮಾವ, ಗಂಡ, ಅತ್ತೆ. ಲೆಕ್ಕ ಹಾಕುತ್ತಾ ಗೋಡೆಗೊರಗಿ ನಿಂತಿದ್ದೆ.

ಎಲೆ ಹಾಕಿದ್ದಾಯಿತು. ಎಲ್ಲರೂ ಕೂತರು. ಮಾವ ಕೂರಲಿಲ್ಲ.

“ಹೊರೆ ಹೊತ್ತಿರೋರು ಉಂಡ್ರಾ?” ಎಂದರು.

ದನಕರಿಗೆಲ್ಲ ಹಾಕಿ ಆಯಿತೆಂದು ನನ್ನ ಗಂಡ ಹೇಳಿದರು.

“ದನದ್ ವಿಷ್ಯ ಕೇಳ್ಲಿಲ್ಲ ಕಣ್ಲಾ. ಅಗೋ, ಅಲ್ಲಿ ಗೋಡೆಗೊರಗಿ ನಿಂತವ್ಳಲ್ಲ.”

ಹಿರಿಯರು ಮುಖ ಮುಖ ನೋಡಿಕೊಂಡರು. ಅತ್ತೆ ಸೌಟು ಹಿಡಿದು ಅಲ್ಲೇ ನಿಂತುಬಿಟ್ಟರು. “ಗಂಡಸ್ರು ಎಲೆ ಮುಂದೆ ಕೂತವ್ರೆ. ಸೊಸೆ ಮೊದ್ಲು ಉಣ್ತಾಳಾ?”

“ನಮ್ ಪಡೇಲಿ ಅದೇ ಕಾನೂನು ಕಣೆ,” ಎಂದರು ಮಾವ.

ಇಷ್ಟು ಜನರ ಮುಂದೆ ನನ್ನನ್ನು ಕುದುರೆ ಮಾಡಿದರಲ್ಲ ಎಂದು ಮೈ ಉರಿದುಹೋಯಿತು. ಆದರೆ ಕಾಲು ಕೇಳಬೇಕಲ್ಲ, ತಾನಾಗಿಯೇ ಮಡಚಿಕೊಂಡಿತು. ಮಾವ ತಮಗೆ ಹಾಕಿದ ಎಲೆಯ ಮುಂದೆಯೇ ನನ್ನನ್ನು ಕೂರಿಸಿದರು. ಪದಕಗಳು ತೂಗಾಡುವಂತೆ ಬಗ್ಗಿ, ತಾವೇ ಮುದ್ದೆ ಇಟ್ಟು ಸಾರು ಬಿಟ್ಟರು. ಆಮೇಲೆ ನೀರಿನ ಚೊಂಬು ಹಿಡಿದು ಪಕ್ಕದಲ್ಲಿ ನೆಟ್ಟಗೆ ನಿಂತುಕೊಂಡರು. ಹಿರಿಯರೆಲ್ಲ ಖಾಲಿ ಎಲೆ ನೋಡುತ್ತಾ ಕೂತಿದ್ದರು. ನಾನು ತಲೆ ಎತ್ತದೆ ಗಬಗಬ ತಿಂದೆ.

“ನಿಧಾನ ಕಣಮ್ಮ,” ಎಂದರು ಮೇಲಿನಿಂದ. “ನಾನಿದೀನಿ ಇಲ್ಲೇ.”

ಮುದ್ದೆ ಮುರಿದ ಕಡೆಯಿಂದ ಹಬೆ ಎದ್ದು ಮುಖಕ್ಕೆ ತಾಗುತ್ತಿತ್ತು. ಆ ಮನೆಗೆ ಬಂದಮೇಲೆ ನಾನು ಬಿಸಿ ಮುದ್ದೆ ತಿಂದದ್ದು ಅದೇ ಮೊದಲು.